ಹಳೇ ಪಿಕಪ್‌ನ ಹಬ್ ಲಾಕ್: ನಾನು ಬಳಸುವ ರೀತಿ

ನನ್ನದು 1985ರ ಟೊಯೋಟಾ ಫೋರ್ ವ್ಹೀಲ್ ಡ್ರೈವ್ ಪಿಕಪ್. ನಾನಿರುವ ಕೊಲರಾಡೋದ ಗುಡ್ಡಗಾಡಿನಲ್ಲಿ ಇಂಥ ಗಾಡಿಗಳು ಇವತ್ತಿಗೂ ದುಡಿಯುತ್ತಿವೆ. ಇದರ ಮುಂದಿನ ಪ್ರತಿ ಚಕ್ರದ ನಟ್ಟನಡುವೆ, ಅಂದರೆ ಹಬ್‌ನಲ್ಲಿ, ಅಂಗೈಯಗಲದ ಒಂದೊಂದು ಡಯಲ್ ಇದೆ. ಒಂದು ಕಡೆ ತಿರುಗಿಸಿದರೆ ಫ್ರೀ, ಇನ್ನೊಂದು ಕಡೆ ಲಾಕ್. ಕ್ಯಾಬಿನ್‌ನಿಂದ ಇಳಿದು ಕೈಯಾರೆ ತಿರುಗಿಸಬೇಕು. ಹೊಸ ಗಾಡಿಗಳಲ್ಲಿ ಒಂದು ಸ್ವಿಚ್ ಒತ್ತಿದರೆ ಆಯ್ತು, ನಿಜ. ಆದರೂ ನನಗೆ ಈ ಡಯಲ್ ಮೇಲೇ ಜಾಸ್ತಿ ನಂಬಿಕೆ. ವೈರಿಲ್ಲ, ಮೋಟಾರಿಲ್ಲ, ಏನಾಗಿದೆ ಅಂತ ಕೈಗೇ ಗೊತ್ತಾಗುತ್ತದೆ.

ಒಳಗೆ ನಡೆಯುವುದು ಇಷ್ಟೇ. ಹಬ್‌ನೊಳಗೆ ಹಲ್ಲಿರುವ ಒಂದು ಬಳೆ ಇದೆ. ಡಯಲ್ ಲಾಕ್‌ಗೆ ತಿರುಗಿಸಿದರೆ ಆ ಬಳೆ ಸರಿದು ಚಕ್ರಕ್ಕೆ ಶಕ್ತಿ ತರುವ ಆಕ್ಸಲ್ ಶಾಫ್ಟನ್ನೂ ಚಕ್ರವನ್ನೂ ಒಂದು ಮಾಡುತ್ತದೆ. ಫ್ರೀ ಇದ್ದಾಗ ಚಕ್ರ ತನ್ನಷ್ಟಕ್ಕೆ ಉರುಳುತ್ತದೆ. ಮುಂದಿನ ಆಕ್ಸಲ್ ಶಾಫ್ಟ್, ಡಿಫರೆನ್ಶಿಯಲ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು), ಅಲ್ಲಿಯವರೆಗೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಎಲ್ಲಾ ಸುಮ್ನೆ ನಿಂತಿರುತ್ತವೆ. ಸವೆತ ಕಡಿಮೆ, ಸದ್ದು ಕಡಿಮೆ, ಪೆಟ್ರೋಲ್ ಕೂಡ ಸ್ವಲ್ಪ ಉಳಿಯುತ್ತದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿ ಜೀಪುಗಳು ಜನರ ಕೈಗೆ ಬಂದವಲ್ಲ, ಅವನ್ನು ಡಾಂಬರು ರಸ್ತೆಯಲ್ಲಿ ಓಡಿಸಲು ಅನುಕೂಲವಾಗಲಿ ಅಂತ 1948ರಲ್ಲಿ ಆರ್ಥರ್ ವಾರ್ನ್ ಅಮೆರಿಕದಲ್ಲಿ ಇಂಥ ಹಬ್ ಮಾಡಿ ಮಾರಲು ಶುರು ಮಾಡಿದರು.

ಹೊಸಬರು ಹೆಚ್ಚಾಗಿ ಗೊಂದಲ ಮಾಡಿಕೊಳ್ಳುವುದು ಹಬ್ ಮತ್ತು ಲಿವರ್ ವಿಷಯದಲ್ಲಿ. ಇವೆರಡೂ ಬೇರೆ ಬೇರೆ. ಕ್ಯಾಬಿನ್ ಒಳಗಿನ ಚಿಕ್ಕ ಲಿವರ್ ಎಂಜಿನ್ನಿನ ಶಕ್ತಿಯನ್ನು ಮುಂದಿನ ಡಿಫರೆನ್ಶಿಯಲ್‌ವರೆಗೆ ತಂದು ಬಿಡುತ್ತದೆ. ಅಲ್ಲಿಂದ ಚಕ್ರಕ್ಕೆ ಮುಟ್ಟಿಸುವುದು ಹಬ್. ಹಬ್ ಲಾಕ್ ಆಗಿದ್ದು ಲಿವರ್ ಟೂ ವ್ಹೀಲ್‌ನಲ್ಲಿ ಇದ್ದರೆ ಗಾಡಿಗೆ ಏನೂ ತೊಂದರೆ ಇಲ್ಲ, ಮುಂದಿನ ಶಾಫ್ಟುಗಳು ಸುಮ್ನೆ ತಿರುಗುತ್ತಿರುತ್ತವೆ ಅಷ್ಟೇ. ತೊಂದರೆ ಆಗುವುದು ಹಬ್ ಲಾಕ್ ಆಗಿದ್ದು, ಲಿವರ್ ಫೋರ್ ವ್ಹೀಲ್‌ನಲ್ಲಿದ್ದು, ರಸ್ತೆ ಒಣಗಿದ ಡಾಂಬರಾಗಿದ್ದಾಗ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಈ ಗಾಡಿಯಲ್ಲಿ ಹಿಂದೆ ಮುಂದೆ ಹೊಂದಿಸಲು ನಡುವೆ ಡಿಫರೆನ್ಶಿಯಲ್ ಇಲ್ಲ. ಮಣ್ಣು, ಹಿಮದ ಮೇಲೆ ಟೈರು ಜಾರಿ ಆ ವ್ಯತ್ಯಾಸವನ್ನು ಸರಿ ಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಶಾಫ್ಟುಗಳೇ ಹುರಿಗೊಳ್ಳುತ್ತವೆ.

ಅದಕ್ಕೇ ನನ್ನ ಪದ್ಧತಿ ಒಂದೇ: ಡಾಂಬರು ಮುಗಿದ ಕಡೆಯೇ ಗಾಡಿ ನಿಲ್ಲಿಸಿ ಎರಡೂ ಹಬ್ ಲಾಕ್ ಮಾಡುವುದು. ಬೇಕಾಗುತ್ತೋ ಇಲ್ವೋ ಅಂತ ಯೋಚಿಸುವುದಿಲ್ಲ. ಲೆಡ್‌ವಿಲ್ ಮತ್ತು ಫೇರ್‌ಪ್ಲೇ ನಡುವೆ ಮಸ್ಕಿಟೊ ಪಾಸ್ ಅಂತ ಒಂದು ಘಟ್ಟ ಇದೆ, 13,185 ಅಡಿ ಎತ್ತರ, ಪೂರಾ ಬಿಡಿಗಲ್ಲು. ಅಂಥ ಏರಿನಲ್ಲಿ ಸಿಕ್ಕಿಕೊಂಡ ಮೇಲೆ ಇಳಿದು, ಇಳಿಜಾರಿನಲ್ಲಿ ನಿಂತ ಗಾಡಿಯ ಚಕ್ರದ ಮುಂದೆ ಮಂಡಿಯೂರಿ ಡಯಲ್ ತಿರುಗಿಸುವುದು ಅಪಾಯ. ಕೆಸರಿನಲ್ಲಾದರೆ ಡಯಲ್ಲೇ ಹೂತು ಹೋಗಿರುತ್ತದೆ. ಇನ್ನೊಂದು ಕಾರಣವೂ ಇದೆ. ಹಬ್ ಮೊದಲೇ ಲಾಕ್ ಆಗಿದ್ದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಚಕ್ರದ ಜೊತೆಗೇ ತಿರುಗುತ್ತಿರುತ್ತದೆ. ಆಗ ನಿಧಾನವಾಗಿ ಓಡುತ್ತಿರುವಾಗಲೇ ಲಿವರನ್ನು ಎಚ್2ನಿಂದ (ಮಾಮೂಲಿ ಟೂ ವ್ಹೀಲ್) ಎಚ್4ಗೆ (ಮಾಮೂಲಿ ಫೋರ್ ವ್ಹೀಲ್) ಎಳೆಯಬಹುದು. ಹಬ್ ಫ್ರೀ ಇದ್ದಾಗ ಆ ಶಾಫ್ಟ್ ನಿಂತಿರುತ್ತದೆ. ಓಡುವ ಗಾಡಿಯಲ್ಲಿ ಎಳೆದರೆ ಗೇರು ಕರಕರ ಅನ್ನುತ್ತದೆ.

ಚಳಿಗಾಲದಲ್ಲಿ ಒಂದು ಮೈಲಿ ಹಿಮ, ಒಂದು ಮೈಲಿ ಒಣ ರಸ್ತೆ ಅನ್ನುವ ಹಾಗಿದ್ದರೆ ನಾನು ಹಬ್ ಫ್ರೀ ಮಾಡುವುದೇ ಇಲ್ಲ. ಲಾಕ್‌ನಲ್ಲೇ ಇರುತ್ತದೆ. ಲಿವರ್ ಮಾತ್ರ ರಸ್ತೆ ನೋಡಿಕೊಂಡು ಹಾಕಿ ತೆಗೆಯುತ್ತೇನೆ.

ಡಯಲ್ ತಿರುಗಿಸುವಾಗ ಕೊನೆಯವರೆಗೂ ತಿರುಗಿಸಿ, ಗುರುತು ಸರಿಯಾಗಿ ಕೂತಿದೆಯಾ ನೋಡಿ. ಅರ್ಧಕ್ಕೆ ನಿಂತರೆ ಹಲ್ಲಿನ ತುದಿ ಮಾತ್ರ ಕಚ್ಚಿಕೊಂಡು, ಭಾರ ಬಿದ್ದಾಗ ಮುರಿಯುತ್ತದೆ. ಹಲ್ಲಿಗೆ ಹಲ್ಲು ಎದುರಾದರೆ ಡಯಲ್ ಪೂರ್ತಿ ಹೋಗುವುದಿಲ್ಲ. ಗಾಡಿಯನ್ನು ಒಂದೆರಡು ಅಡಿ ಮುಂದೆ ಹಿಂದೆ ಆಡಿಸಿದರೆ ಟಕ್ ಅಂತ ಕೂರುತ್ತದೆ. ವಾಪಸ್ ಬರುವಾಗ ಡಯಲ್ ಬಿಗಿಯಾಗಿದ್ದರೆ ಶಾಫ್ಟ್ ಹುರಿಗೊಂಡಿದೆ ಅಂತಲೇ ಅರ್ಥ. ಲಿವರ್ ಎಚ್2ಗೆ ಹಾಕಿ, ನೇರವಾಗಿ ಸ್ವಲ್ಪ ರಿವರ್ಸ್ ಹೋಗಿ, ಆಮೇಲೆ ತಿರುಗಿಸಿ. ಪ್ಲೈಯರ್ ಮಾತ್ರ ಹಾಕಬೇಡಿ. ಕೈಗೆ ಬಗ್ಗದ ಡಯಲ್ ಏನೋ ಹೇಳುತ್ತಿದೆ ಅಂತ ಅರ್ಥ, ಅದನ್ನು ಕೇಳಿ.

ಎರಡೂ ಕಡೆ ಲಾಕ್ ಮಾಡಲೇಬೇಕು ಅನ್ನುವುದನ್ನು ಒತ್ತಿ ಹೇಳುತ್ತೇನೆ. ಒಂದೇ ಕಡೆ ಲಾಕ್ ಆದರೆ ಅರ್ಧ ಎಳೆತ ಸಿಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಸಿಗುವುದಿಲ್ಲ. ಮಾಮೂಲಿ ಡಿಫರೆನ್ಶಿಯಲ್ ಹಗುರ ಇರುವ ಕಡೆಗೆ ತಿರುಗಿಬಿಡುತ್ತದೆ. ಫ್ರೀ ಇರುವ ಕಡೆಯ ಶಾಫ್ಟ್ ಸುಮ್ನೆ ಗಿರಗಿರ ತಿರುಗುತ್ತದೆ, ಲಾಕ್ ಆದ ಚಕ್ರಕ್ಕೆ ಏನೂ ಬರುವುದಿಲ್ಲ. ಡ್ಯಾಶ್‌ಬೋರ್ಡಿನ ಫೋರ್ ವ್ಹೀಲ್ ದೀಪ ಮಾತ್ರ ಉರಿಯುತ್ತಲೇ ಇರುತ್ತದೆ, ಯಾಕಂದ್ರೆ ಅದಕ್ಕೆ ಗೊತ್ತಿರುವುದು ಲಿವರ್ ಎಲ್ಲಿದೆ ಅನ್ನುವುದಷ್ಟೇ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸಮ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಲಿವರ್ ಎಚ್2ನಲ್ಲಿಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿ. ಎರಡೂ ಹಬ್ ಲಾಕ್ ಮಾಡಿ ಎತ್ತಿದ ಚಕ್ರ ತಿರುಗಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ತಿರುಗಬೇಕು. ಎರಡನ್ನೂ ಫ್ರೀ ಮಾಡಿದರೆ ಅದು ನಿಲ್ಲಬೇಕು. ಲಾಕ್‌ನಲ್ಲಿ ಚಕ್ರ ತಿರುಗಿಯೂ ಶಾಫ್ಟ್ ಅಲ್ಲಾಡದಿದ್ದರೆ ಯಾವುದೋ ಒಂದು ಹಬ್ ಕಚ್ಚುತ್ತಿಲ್ಲ.

ಕಚ್ಚದಿರಲು ನಾನು ಹೆಚ್ಚಾಗಿ ಕಂಡ ಕಾರಣ ಗ್ರೀಸು. ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ! ವ್ಹೀಲ್ ಬೇರಿಂಗಿಗೆ ತುಂಬುವ ದಪ್ಪ ಗ್ರೀಸನ್ನೇ ಹಬ್ಬಿಗೂ ಮೆತ್ತಿಬಿಡುತ್ತಾರೆ. ಮೈನಸ್ ಇಪ್ಪತ್ತರ ಚಳಿಯಲ್ಲಿ ಅದು ಫ್ರಿಜ್ಜಿನಲ್ಲಿಟ್ಟ ತುಪ್ಪದ ಹಾಗೆ ಗಟ್ಟಿಯಾಗಿ, ಒಳಗಿನ ಸ್ಪ್ರಿಂಗಿಗೆ ಬಳೆ ತಳ್ಳಲು ಆಗುವುದಿಲ್ಲ. ಮುಚ್ಚಳದ ಆರು ಬೋಲ್ಟ್ ಬಿಚ್ಚಿ, ಹಳೇ ಗ್ರೀಸು ಪೂರಾ ತೊಳೆದು, ಹಲ್ಲಿನ ಮೇಲೆ ಬೆರಳಲ್ಲಿ ಸವರಿದಷ್ಟು ಹೊಸದನ್ನು ಹಚ್ಚಿದರೆ ಸಾಕು. ಗ್ಯಾಸ್ಕೆಟ್ ಹೊಸದು ಹಾಕಿ, ಇಲ್ಲದಿದ್ದರೆ ತೊರೆ ದಾಟುವಾಗ ನೀರು ಒಳಗೆ ಹೋಗುತ್ತದೆ.

ಬೇಸಿಗೆಯಲ್ಲೂ ಹಬ್ಬನ್ನು ಮರೆಯಬೇಡಿ. ತಿಂಗಳಿಗೆ 16 ಕಿಲೋಮೀಟರಾದರೂ ಫೋರ್ ವ್ಹೀಲ್‌ನಲ್ಲಿ ಓಡಿಸಬೇಕು ಅನ್ನುವುದು ಟೊಯೋಟಾದ ಸಲಹೆ. ಮುಂದಿನ ಭಾಗಗಳಿಗೆಲ್ಲ ಎಣ್ಣೆ ಮುಟ್ಟಲು ಅದು ಬೇಕು. ನಾನು ಮಣ್ಣಿನ ರಸ್ತೆ ಹುಡುಕಿಕೊಂಡು ಹೋಗುತ್ತೇನೆ.

ಕೈಯಲ್ಲಿ ತಿರುಗಿಸುವ ಹಬ್ಬಿನಿಂದ ಮಾತ್ರ ಸಿಗುವ ಒಂದು ಲಾಭವೂ ಇದೆ. ಎರಡೂ ಹಬ್ ಫ್ರೀ ಬಿಟ್ಟು, ಗಾಡಿ ನಿಂತಿರುವಾಗ ಲಿವರ್ ಎಲ್4ಗೆ (ಲೋ ಗೇರಿನ ಫೋರ್ ವ್ಹೀಲ್) ಹಾಕಿದರೆ, ಹಿಂದಿನ ಚಕ್ರಕ್ಕೆ ಮಾತ್ರ ಲೋ ಗೇರ್ ಸಿಗುತ್ತದೆ. ಒಣ ಕಾಂಕ್ರೀಟಿನ ಮೇಲೆ ಟ್ರೇಲರ್ ರಿವರ್ಸ್ ಹಾಕುವಾಗ ಕ್ಲಚ್ ಸುಡದೆ ಅಂಗುಲ ಅಂಗುಲ ಸರಿಸಬಹುದು, ಶಾಫ್ಟೂ ಹುರಿಗೊಳ್ಳುವುದಿಲ್ಲ. ಹೂತುಹೋದ ಗಾಡಿ ಎಳೆಯಲು ಮಾತ್ರ ಇದನ್ನು ಬಳಸಬೇಡಿ. ಲೋ ಗೇರಿನ ಅಷ್ಟೂ ಬಲ ಹಿಂದಿನ ಆಕ್ಸಲ್ ಒಂದರ ಮೇಲೇ ಬೀಳುತ್ತದೆ.