ದೂರವಾದ ಬಂಧುಗಳನ್ನು ಹಳೆಯ ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಅಜ್ಜನ ತಮ್ಮ ಕೆಲಸ ಹುಡುಕಿಕೊಂಡು ಹೋದವರು ಮತ್ತೆ ಬರಲಿಲ್ಲ. ಅತ್ತೆಯ ಮಕ್ಕಳು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ. ಇಂಥವರನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹಾಕಿ ನೋಡುತ್ತಾರೆ. ಅದೇ ಹೆಸರಿನ ನೂರಾರು ಜನ ಸಿಗುತ್ತಾರೆ, ಬೇಕಾದವರು ಮಾತ್ರ ಸಿಗುವುದಿಲ್ಲ. ಕಾರಣ ಇಷ್ಟೇ: ಹುಡುಕಬೇಕಾದ್ದು ಅವರೊಬ್ಬರನ್ನೇ ಅಲ್ಲ, ಅವರ ಸುತ್ತ ಇದ್ದವರನ್ನು. ಒಡಹುಟ್ಟಿದವರು, ಮದುವೆಗೆ ಸಾಕ್ಷಿ ಹಾಕಿದವರು, ಪಕ್ಕದ ಮನೆಯವರು. ಒಬ್ಬರ ಜಾಡು ತಪ್ಪಬಹುದು. ಇಷ್ಟೂ ಜನರ ಜಾಡು ಒಟ್ಟಿಗೆ ತಪ್ಪುವುದು ಕಡಿಮೆ.

ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪೂರ್ತಿ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಅಂದಾಜು ವಯಸ್ಸು, ಕೊನೆಯ ಸಲ ಎಲ್ಲಿ ಯಾವಾಗ ಕಂಡಿದ್ದರು ಎಂದು ಬರೆಯಿರಿ. ಪ್ರತಿ ಸಾಲಿನ ಎದುರು ಅದನ್ನು ಹೇಳಿದವರು ಯಾರು ಎಂಬುದೂ ಇರಲಿ. ಕಣ್ಣಾರೆ ಕಂಡದ್ದೂ ಯಾರೋ ಹೇಳಿದ್ದೂ ಬೆರೆತುಹೋದರೆ ಆಮೇಲೆ ಬರೀ ಗೋಜಲು.

ಮನೆಯ ಹಿರಿಯರನ್ನು ಮಾತಾಡಿಸುವುದನ್ನು ಮಾತ್ರ ಮುಂದೂಡಬೇಡಿ. ‘ಅವರು ಯಾವ ಇಸವಿಯಲ್ಲಿ ಹೋದರು?’ ಎಂದರೆ ‘ಯಾರಿಗೆ ನೆನಪಿದೆ’ ಎನ್ನುತ್ತಾರೆ. ‘ಅವರು ಹೋದಾಗ ನಿಮ್ಮ ದೊಡ್ಡ ಮಗ ನಡೆಯುತ್ತಿದ್ದನಾ?’ ಎಂದು ಕೇಳಿ, ಇಸವಿ ತಾನಾಗಿ ಹೊರಗೆ ಬರುತ್ತದೆ. ಹಳೇ ಕಾಗದಗಳ ಲಕೋಟೆಗಳನ್ನೂ ನೋಡಿ. ಕಾಗದದಲ್ಲಿ ಊರಿನ ಹೆಸರು ಇಲ್ಲದಿದ್ದರೂ ಅಂಚೆ ಮುದ್ರೆಯಲ್ಲಿ ಇದ್ದೀತು. ಫೋಟೋದ ಹಿಂದೆ ಸ್ಟುಡಿಯೋದ ಸೀಲ್ ಇದ್ದರೆ ಅದೂ ಒಂದು ವಿಳಾಸವೇ ಅಲ್ವಾ?

ಹೆಸರಿನ ಕಾಗುಣಿತ

ಒಬ್ಬರದೇ ಹೆಸರನ್ನು ಗುಮಾಸ್ತರು ನಾಲ್ಕು ಥರ ಬರೆದಿರುತ್ತಾರೆ. ಈ ತೊಂದರೆಗೆಂದೇ 1918ರಲ್ಲಿ ಅಮೆರಿಕದಲ್ಲಿ ಸೌಂಡೆಕ್ಸ್ ಎಂಬ ಪದ್ಧತಿಗೆ ಪೇಟೆಂಟ್ ಸಿಕ್ಕಿತು. ಹೆಸರಿನ ಮೊದಲ ಅಕ್ಷರ ಉಳಿಸಿಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ಹೆಚ್ಚಿನ ಸದ್ದುಗಳಿಗೆ ಅಂಕಿ ಕೊಡುತ್ತದೆ. ಹೀಗಾಗಿ ಕಾಗುಣಿತ ಬೇರೆಯಾದರೂ ಒಂದೇ ಥರ ಕೇಳಿಸುವ ಹೆಸರುಗಳು ಒಟ್ಟಿಗೆ ಸಿಗುತ್ತವೆ. ಆದರೆ ಇಂಗ್ಲಿಷಿನ ‘ಸಿ’ಯಿಂದ ಬರೆದ ಕ್ಯಾಥರಿನ್, ‘ಕೆ’ಯಿಂದ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಮೊದಲ ಅಕ್ಷರ ಬದಲಿಸಿ ನೋಡಿ. ಮದುವೆಯಾದ ಹೆಂಗಸರನ್ನು ಎರಡೂ ಮನೆತನದ ಹೆಸರಲ್ಲಿ ಹುಡುಕಿ.

ಯಾರೂ ಓದದ ಕಾಲಂಗಳು

ಜನನ, ಮದುವೆ, ಮರಣದ ಪ್ರಮಾಣಪತ್ರ ಸಿಕ್ಕರೆ ತಾರೀಖು ಬರೆದುಕೊಂಡು ಮಡಚಿಡಬೇಡಿ. ಮರಣದ ದಾಖಲೆಯಲ್ಲಿ ಎಷ್ಟೋ ದೇಶಗಳಲ್ಲಿ ‘ಮಾಹಿತಿ ಕೊಟ್ಟವರು’ ಎಂಬ ಕಾಲಂ ಇರುತ್ತದೆ. ಅಲ್ಲಿ ಹೆಸರು, ಸಂಬಂಧ, ಕೆಲವೊಮ್ಮೆ ವಿಳಾಸ. ತೀರಿಕೊಂಡವರಿಗೆ ಮಗಳೊಬ್ಬಳು ಇದ್ದಳು, ಇಂಥ ಬೀದಿಯಲ್ಲಿ ಇದ್ದಳು ಎಂಬುದು ಅಲ್ಲೇ ಗೊತ್ತಾಗುತ್ತದೆ. ಇಡೀ ಕಾಗದದಲ್ಲಿ ಜಾಸ್ತಿ ಬೆಲೆಯ ಸಾಲು ಅದೇ ಅನ್ನುವುದು ನನ್ನ ಅಭಿಪ್ರಾಯ. ಪತ್ರಿಕೆಗಳ ನಿಧನ ವಾರ್ತೆ, ಉಯಿಲು, ಆಸ್ತಿ ಪತ್ರ ಕೂಡ ಹೀಗೆಯೇ ಬದುಕಿರುವವರ ಹೆಸರು ಹೇಳುತ್ತವೆ.

ಜನಗಣತಿಯ ಪುಟ ಸಿಕ್ಕರೆ ಇಡೀ ಪುಟ ಓದಿ. ಪಕ್ಕದ ಮನೆಯಲ್ಲಿ ಸೋದರಮಾವನೇ ಇದ್ದಿರಬಹುದು. ಆದರೆ ಇತ್ತೀಚಿನ ಪುಟ ಕೈಗೆ ಸಿಗುವುದಿಲ್ಲ. ಜನರ ಖಾಸಗಿತನಕ್ಕಾಗಿ ಅಮೆರಿಕ 72 ವರ್ಷ, ಇಂಗ್ಲೆಂಡ್ 100 ವರ್ಷ ಮುಚ್ಚಿಡುತ್ತದೆ. ಇಂಗ್ಲೆಂಡಿನ 1921ರ ಗಣತಿ ಹೊರಬಂದದ್ದು 2022ರಲ್ಲಿ. ಅಲ್ಲಿನ 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು, ಅದಕ್ಕೆ ಕಾದು ಕೂರುವುದರಲ್ಲಿ ಅರ್ಥವಿಲ್ಲ. ಇಂಥ ಖಾಲಿ ಜಾಗಗಳನ್ನು ಮತದಾರರ ಪಟ್ಟಿ, ಹಳೇ ಟೆಲಿಫೋನ್ ಡೈರೆಕ್ಟರಿಗಳಿಂದ ತುಂಬಿಕೊಳ್ಳಬೇಕು.

ಇಂಥ ಹಳೆಯ ದಾಖಲೆಗಳನ್ನು ನೋಡಲು ಫ್ಯಾಮಿಲಿಸರ್ಚ್ ಎಂಬ ಉಚಿತ ಜಾಲತಾಣ ಇದೆ. 1938ರಿಂದ ದಾಖಲೆಗಳ ಪುಟಗಳನ್ನು ಸಣ್ಣ ಚಿತ್ರಗಳಾಗಿ ತೆಗೆದಿಟ್ಟ ಸುಮಾರು 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳನ್ನು 2021ರ ಹೊತ್ತಿಗೆ ಡಿಜಿಟಲ್ ಮಾಡಿ ಮುಗಿಸಿದ್ದಾರೆ. ಆದರೆ ಎಲ್ಲ ಪುಟಗಳಿಗೂ ಹೆಸರಿನ ಸೂಚಿ ಆಗಿಲ್ಲ. ಹುಡುಕು ಪೆಟ್ಟಿಗೆ ‘ಇಲ್ಲ’ ಎಂದರೆ ನಂಬಬೇಡಿ. ಜಿಲ್ಲೆ, ವರ್ಷ ಆರಿಸಿ ಪುಟಪುಟವಾಗಿ ತಿರುವಿ ಹಾಕಿ. ಬೇಜಾರಿನ ಕೆಲಸ, ಆದರೆ ಫಲ ಕೊಡುವ ಕೆಲಸ.

ದೇಶ ದಾಟಿದ್ದರೆ, ಯುದ್ಧದಲ್ಲಿ ಅಗಲಿದ್ದರೆ

ಹಡಗಿನ ಪ್ರಯಾಣಿಕರ ಪಟ್ಟಿ ನೋಡಿ. ವಲಸೆ ಬಂದವರ ತಪಾಸಣೆ ನಡೆಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ ಸುಮಾರು 1.2 ಕೋಟಿ ಜನ ಇಳಿದರು. 1907ರ ನಂತರದ ಹಾಳೆಗಳಲ್ಲಿ ‘ಬಿಟ್ಟುಬಂದ ದೇಶದಲ್ಲಿ ಹತ್ತಿರದ ಬಂಧು ಯಾರು’ ಎಂಬ ಕಾಲಂ ಇದೆ, ‘ಇಲ್ಲಿ ಯಾರ ಬಳಿಗೆ’ ಎಂಬುದೂ ಇದೆ. ಒಂದೇ ಸಾಲಿನಲ್ಲಿ ಎರಡು ದಡವೂ ಸಿಕ್ಕ ಹಾಗೆ. ಅಲ್ಲಿನ ಅಧಿಕಾರಿಗಳು ಹೆಸರು ಬದಲಿಸುತ್ತಿದ್ದರು ಎಂಬ ಕಥೆ ಸುಮ್ನೆ ಹಬ್ಬಿದ್ದು. ಪಟ್ಟಿ ಹಡಗು ಹೊರಟ ಬಂದರಿನಲ್ಲೇ ತಯಾರಾಗಿರುತ್ತಿತ್ತು.

ಫಿಜಿಯಂಥ ವಸಾಹತುಗಳಿಗೆ ಕೂಲಿಗೆ ಹೋದವರ ವಲಸೆ ಪಾಸ್‌ಗಳಲ್ಲಿ ತಂದೆಯ ಹೆಸರು, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಮೈಮೇಲಿನ ಗುರುತು ಎಲ್ಲ ಇರುತ್ತದೆ. ಹಣೆಯ ಮೇಲಿನ ಗಾಯದ ಕಲೆಯಿಂದಲೂ ಹೆಸರು ಬದಲಿಸಿಕೊಂಡವರನ್ನು ಗುರುತಿಸಬಹುದು.

ಎರಡನೇ ಮಹಾಯುದ್ಧ, ನಾಜಿ ಶಿಬಿರಗಳ ಕಾಲದಲ್ಲಿ ಕಾಣೆಯಾದವರಿಗೆ ಜರ್ಮನಿಯ ಆರೋಲ್ಸನ್ ದಾಖಲಾಗಾರ ಇದೆ. ಸುಮಾರು 1.75 ಕೋಟಿ ಜನರ ಮಾಹಿತಿ ಅಲ್ಲಿದೆ, ವಿಚಾರಿಸಲು ದುಡ್ಡಿಲ್ಲ. ಈಚಿನ ಯುದ್ಧ, ವಲಸೆ, ಪ್ರವಾಹದಲ್ಲಿ ಅಗಲಿದವರಿಗಾಗಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಹುಡುಕಾಟ ನಡೆಸುತ್ತದೆ. ಯಾರಾದರೂ ಇತ್ತೀಚೆಗಷ್ಟೇ ಕಾಣೆಯಾಗಿದ್ದರೆ ಈ ದಾರಿ ಬೇಡ, ನೇರ ಪೊಲೀಸರ ಬಳಿ ಹೋಗಿ.

ಡಿಎನ್‌ಎ ಪರೀಕ್ಷೆ ಕೊನೆಯ ಅಸ್ತ್ರ. ಇಬ್ಬರಲ್ಲಿ ಸಮಾನವಾಗಿರುವ ಡಿಎನ್‌ಎಯನ್ನು ಸೆಂಟಿಮಾರ್ಗನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಸಂಬಂಧ ಹತ್ತಿರವಾದಷ್ಟೂ ಅಂಕಿ ದೊಡ್ಡದು. ಸ್ವಂತ ಒಡಹುಟ್ಟಿದವರಲ್ಲಿ ಸರಾಸರಿ 2600ರ ಆಸುಪಾಸು, ಅಪ್ಪ ಅಥವಾ ಅಮ್ಮನ ಒಡಹುಟ್ಟಿದವರ ಮಕ್ಕಳಲ್ಲಿ 850ರ ಆಸುಪಾಸು. ಮನೆಯವರು ಮುಚ್ಚಿಟ್ಟ ಗುಟ್ಟೂ ಹೊರಬೀಳಬಹುದು. ಎಲ್ಲರನ್ನೂ ಕೇಳಿಯೇ ಮುಂದುವರಿಯಿರಿ.

ಸಿಕ್ಕ ಮೇಲೆ

ಸೀದಾ ಮನೆ ಬಾಗಿಲಿಗೆ ಹೋಗಬೇಡಿ. ಒಂದು ಸಣ್ಣ ಕಾಗದ ಬರೆಯಿರಿ: ನೀವು ಯಾರು, ಸಂಬಂಧ ಏನು, ಸಂಪರ್ಕ ಹೇಗೆ. ಆಸ್ತಿಯ ವಿಷಯ, ಹಳೇ ಜಗಳ ಬೇಡವೇ ಬೇಡ. ಅವರು ಬೇಕೆಂದೇ ದೂರ ಹೋಗಿದ್ದಿರಬಹುದು. ರೆಡ್ ಕ್ರಾಸ್ ಕೂಡ ಸಿಕ್ಕವರ ಒಪ್ಪಿಗೆ ಇಲ್ಲದೆ ವಿಳಾಸ ಕೊಡುವುದಿಲ್ಲ. ಉತ್ತರ ಬರದಿದ್ದರೆ ಮತ್ತೆ ಮತ್ತೆ ಬರೆಯದೆ, ಹುಡುಕಾಟಕ್ಕಾಗಿ ನೀವು ನೋಂದಾಯಿಸಿಕೊಂಡ ಜಾಲತಾಣ, ಸಂಸ್ಥೆಗಳಲ್ಲೆಲ್ಲ ನಿಮ್ಮ ಫೋನ್ ನಂಬರ್, ಇಮೇಲ್ ಬದಲಾದಾಗ ತಿದ್ದುತ್ತಿರಿ. ಮುಂದೆ ಅವರ ಮಕ್ಕಳು ನಿಮ್ಮನ್ನು ಹುಡುಕಲು ಹೊರಟರೆ ಮೊದಲು ನೋಡುವುದು ಅದನ್ನೇ.