ಪಿ.ಜಿ. ಪ್ರವೇಶಾತಿ ಜಾಲತಾಣ: ಬಳಕೆ ಪರೀಕ್ಷೆ ನಡೆಸುವುದು ಹೇಗೆ?

ಸ್ನಾತಕೋತ್ತರ ಪ್ರವೇಶಾತಿಯ ಪ್ರಕಟಣೆ ಹೊರಬಿದ್ದರೆ ಸಾಕು, ತುಮಕೂರಿನ ಸೈಬರ್ ಸೆಂಟರ್‌ಗಳಲ್ಲಿ ಎಂ.ಎ., ಎಂ.ಕಾಂ. ಅರ್ಜಿ ತುಂಬಿಸಿಕೊಳ್ಳಲು ಬಂದವರ ಸಾಲು ಕಾಣುತ್ತದೆ. ಪದವಿ ಮುಗಿಸಿದವರಿಗೆ ಒಂದು ಅರ್ಜಿ ತುಂಬಲು ಬರುವುದಿಲ್ಲವೇ ಎಂದು ಹಗುರವಾಗಿ ಆಡುವವರೂ ಇದ್ದಾರೆ. ತೊಡಕಿರುವುದು ಅಭ್ಯರ್ಥಿಯಲ್ಲೋ ಜಾಲತಾಣದಲ್ಲೋ ಎಂಬುದನ್ನು ಊಹೆಗೆ ಬಿಡದೆ, ಬಳಸುವವರನ್ನು ಪಕ್ಕದಲ್ಲಿ ಕೂತು ನೋಡಿ ತೀರ್ಮಾನಿಸುವ ಕ್ರಮವೇ ಬಳಕೆ ಪರೀಕ್ಷೆ. ವಿಶ್ವವಿದ್ಯಾಲಯವೊಂದು ತನ್ನದೇ ಕಂಪ್ಯೂಟರ್ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳ ನೆರವಿನಿಂದ, ಹೆಚ್ಚು ಖರ್ಚಿಲ್ಲದೆ ಇದನ್ನು ನಡೆಸಬಹುದು.

ಮೊದಲು ಹಿಂದಿನ ವರ್ಷ ಸಹಾಯವಾಣಿಗೆ ಬಂದ ಕರೆಗಳನ್ನೂ ಮಿಂಚಂಚೆಗಳನ್ನೂ ಓದಬೇಕು. ಪದೇ ಪದೇ ಕೇಳಿದ ಪ್ರಶ್ನೆಗಳೇ ಪರೀಕ್ಷೆಗೆ ಬಂದವರಿಗೆ ಕೊಡುವ ಕೆಲಸಗಳಾಗುತ್ತವೆ. ‘ನೀವು ಬಿ.ಎ. ಓದಿದ್ದೀರಿ, ಕೊನೆಯ ಸೆಮಿಸ್ಟರ್‌ನ ಫಲಿತಾಂಶ ಇನ್ನೂ ಬಂದಿಲ್ಲ, ಅರ್ಥಶಾಸ್ತ್ರ ಎಂ.ಎ.ಗೆ ಈಗಲೇ ಅರ್ಜಿ ಹಾಕಬಹುದೇ, ಶುಲ್ಕವೆಷ್ಟು, ಕೊನೆಯ ದಿನ ಯಾವುದು ಎಂಬುದನ್ನು ತಿಳಿದುಕೊಳ್ಳಿ’ ಎಂದು ಸನ್ನಿವೇಶದ ರೂಪದಲ್ಲಿ ಬರೆದುಕೊಡಬೇಕು. ‘ಅರ್ಹತಾ ಮಾನದಂಡ ಪುಟಕ್ಕೆ ಹೋಗಿ’ ಎಂದು ಬರೆದರೆ ಉತ್ತರವನ್ನು ನಾವೇ ಹೇಳಿಕೊಟ್ಟಂತಾಗುತ್ತದೆ.

ಇನ್ನು ಯಾರನ್ನು ಕರೆಯಬೇಕು? ಪರೀಕ್ಷೆಯೊಂದರಲ್ಲಿ ಐವರು ಬಳಕೆದಾರರಿದ್ದರೆ ಸುಮಾರು ಶೇ 85ರಷ್ಟು ದೋಷಗಳು ಹೊರಬೀಳುತ್ತವೆ ಎಂಬ ಮಾತು ಬಳಕೆ ಪರೀಕ್ಷೆಯ ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ ಅವರು 1993ರಲ್ಲಿ ಮಂಡಿಸಿದ ಲೆಕ್ಕಾಚಾರದಿಂದ ಬಂದದ್ದು. ಒಬ್ಬ ಬಳಕೆದಾರನಿಂದ ಸರಾಸರಿ ಶೇ 31ರಷ್ಟು ದೋಷಗಳು ಕಾಣುತ್ತವೆ ಎಂಬುದು ಅದರ ತಳಹದಿ. ಆದರೆ ಐವರೂ ಒಂದೇ ಬಗೆಯವರಾಗಿದ್ದಾಗ ಮಾತ್ರ ಈ ಲೆಕ್ಕ ಹೊಂದುತ್ತದೆ. ನಗರದಲ್ಲಿದ್ದು ಲ್ಯಾಪ್‌ಟಾಪ್‌ನಲ್ಲಿ ಅರ್ಜಿ ಹಾಕುವವರು ಒಂದು ಗುಂಪು. ಪಾವಗಡ, ಮಧುಗಿರಿಯ ಕಡೆಯಿಂದ ಮೊಬೈಲ್ ಒಂದನ್ನೇ ನಂಬಿರುವವರು ಇನ್ನೊಂದು ಗುಂಪು. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳ ಅಭ್ಯರ್ಥಿಯನ್ನೂ ಕರೆಯಲೇಬೇಕು. ಸ್ಕ್ಯಾನ್ ಮಾಡಿ ಹಾಕಿದ ಕನ್ನಡ ಪ್ರಕಟಣೆ ಕಣ್ಣಿಗೆ ಅಕ್ಷರವಾಗಿ ಕಂಡರೂ ಆ ತಂತ್ರಾಂಶಕ್ಕೆ ಬರೀ ಚಿತ್ರ ಎಂಬುದು ಅವರು ಕೂತಾಗಲೇ ಅಧಿಕಾರಿಗಳಿಗೆ ಮನವರಿಕೆಯಾಗುತ್ತದೆ. ಕಚೇರಿಯ ಸಿಬ್ಬಂದಿ ಎಷ್ಟೇ ಉತ್ಸಾಹ ತೋರಿದರೂ ಅವರನ್ನು ಈ ಪಟ್ಟಿಗೆ ಸೇರಿಸಬಾರದು.

ಸಾಮಾನ್ಯವಾಗಿ ಮರೆತುಹೋಗುವ ಬಳಕೆದಾರರೆಂದರೆ ಸೈಬರ್ ಸೆಂಟರ್ ನಡೆಸುವವರು. ಅಭ್ಯರ್ಥಿ ಪಕ್ಕದಲ್ಲಿ ನಿಂತು ದಾಖಲೆಗಳನ್ನು ಕೊಡುತ್ತಾ ಹೋದರೆ, ಕೀಲಿಮಣೆ ಇರುವುದು ಇವರ ಕೈಯಲ್ಲಿ. ಒಟಿಪಿ ಬೇಗ ಸಿಗಲೆಂದು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ, ಮುಂದೆ ಸೀಟು ಹಂಚಿಕೆಯ ಸಂದೇಶ ಬರುವುದು ಅಭ್ಯರ್ಥಿಗಲ್ಲ, ಅಂಗಡಿಯವರಿಗೆ. ಅಭ್ಯರ್ಥಿಯ ಮನೆಗೆ ಸುದ್ದಿ ಮುಟ್ಟುವಷ್ಟರಲ್ಲಿ ಶುಲ್ಕ ಕಟ್ಟುವ ಗಡುವು ಮುಗಿದಿರಬಹುದು. ಇದನ್ನು ಅಂಗಡಿಯವರ ತಪ್ಪು ಎಂದು ಬರೆದುಕೊಂಡರೆ ಪರೀಕ್ಷೆಯಿಂದ ಏನೂ ದಕ್ಕುವುದಿಲ್ಲ. ಅಭ್ಯರ್ಥಿಯ ಸ್ವಂತ ಸಂಖ್ಯೆ ಯಾಕೆ ಬೇಕೆಂಬುದನ್ನು ಆ ಖಾನೆಯ ಕೆಳಗೇ ಹೇಳಿದೆಯೇ ಎಂದು ನೋಡಬೇಕು. ಆದ್ದರಿಂದ ಒಂದೆರಡು ಪರೀಕ್ಷೆಗಳನ್ನಾದರೂ ಅಂಗಡಿಯಲ್ಲೇ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಡೆಸುವುದು ಒಳ್ಳೆಯದು.

ಪರೀಕ್ಷೆಗೆ ಜಾಲತಾಣದ ಪ್ರತ್ಯೇಕ ಪ್ರತಿಯನ್ನು ಇಟ್ಟುಕೊಳ್ಳಬೇಕು. ನಿಜವಾದ ಅರ್ಜಿ ಸಲ್ಲಿಕೆಯಾಗಬಾರದು, ಹಣವೂ ಕಡಿತವಾಗಬಾರದು. ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಬದಲು ಮಾದರಿ ದಾಖಲೆಗಳನ್ನು ಕೊಡಬೇಕು. ಪರದೆಯನ್ನು ಚಿತ್ರೀಕರಿಸುವುದಾದರೆ ಮೊದಲೇ ಒಪ್ಪಿಗೆ ಪಡೆಯಬೇಕು. ಮೊಬೈಲ್ ಮಾತ್ರ ಅಭ್ಯರ್ಥಿಯದೇ ಇರಲಿ.

ಆರಂಭದಲ್ಲೇ ‘ಪರೀಕ್ಷೆ ನಿಮಗಲ್ಲ, ಜಾಲತಾಣಕ್ಕೆ’ ಎಂದು ಹೇಳಿ, ಮನಸ್ಸಿನಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಕೆಲಸ ಮಾಡಲು ಕೋರಬೇಕು. ಆಮೇಲಿನ ಕಷ್ಟದ ಕೆಲಸ ಸುಮ್ಮನಿರುವುದು. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಖಾನೆಯನ್ನೇ ತೆಗೆದುಕೊಳ್ಳಿ. ಸಂಖ್ಯೆ ಎಂದಿರುವುದರಿಂದ ಅಭ್ಯರ್ಥಿ ಆರಂಭದ ಎರಡು ಇಂಗ್ಲಿಷ್ ಅಕ್ಷರಗಳನ್ನು ಬಿಟ್ಟು ಅಂಕಿಗಳನ್ನಷ್ಟೇ ತುಂಬುತ್ತಾಳೆ. ಸಲ್ಲಿಸು ಗುಂಡಿ ಒತ್ತುತ್ತಾಳೆ. ಕೆಂಪಕ್ಷರದ ಎಚ್ಚರಿಕೆ ಪುಟದ ಮೇಲ್ತುದಿಯಲ್ಲಿ ಮೂಡುತ್ತದೆ, ಆದರೆ ಮೊಬೈಲ್ ಪರದೆಯಲ್ಲಿ ಆ ಭಾಗ ಕಾಣುತ್ತಿಲ್ಲ. ಮತ್ತೆ ಒತ್ತುತ್ತಾಳೆ. ‘ನೆಟ್‌ವರ್ಕ್ ಸರಿಯಿಲ್ಲ ಅನ್ಸುತ್ತೆ ಸಾರ್’ ಎನ್ನುತ್ತಾಳೆ. ಈ ಮಾತನ್ನು ಇದ್ದ ಹಾಗೇ ಬರೆದುಕೊಳ್ಳಬೇಕೇ ಹೊರತು ಮೇಲಕ್ಕೆ ನೋಡಿ ಎನ್ನಬಾರದು. ‘ಈಗ ಏನು ಮಾಡಲಿ ಸಾರ್?’ ಎಂದು ಕೇಳಿದರೆ, ‘ನಾನಿಲ್ಲದಿದ್ದರೆ ಏನು ಮಾಡ್ತಿದ್ರಮ್ಮ?’ ಎಂದು ಕೇಳಿದರೆ ಸಾಕು.

ಕೆಲಸ ಮುಗಿಯಿತೇ, ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ತಪ್ಪಾಯಿತು, ಎಲ್ಲಿ ನೆರವು ಕೇಳಿದರು ಎಂಬುದನ್ನು ಪ್ರತಿ ಕೆಲಸಕ್ಕೂ ಗುರುತಿಸಬೇಕು. ಕೊನೆಯಲ್ಲಿ, ಬಳಸಲು ಎಷ್ಟು ಸುಲಭವೆನಿಸಿತು ಎಂಬುದನ್ನು ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿಯನ್ನು ಕೊಡುವ ವಾಡಿಕೆಯಿದೆ; ಅದರ ಅಂಕ 0ಯಿಂದ 100ರವರೆಗೆ ಇದ್ದು, 68ರ ಆಸುಪಾಸನ್ನು ಸಾಧಾರಣ ಮಟ್ಟವೆಂದು ಎಣಿಸುತ್ತಾರೆ. ಐದಾರು ಜನರ ಅಂಕದ ಮೇಲೆ ಹೆಚ್ಚು ಭಾರ ಹಾಕುವಂತಿಲ್ಲ. ಮೇಲಾಗಿ, ಅರ್ಧ ಗಂಟೆ ಒದ್ದಾಡಿದವರೂ ದೊಡ್ಡವರೆದುರು ‘ಚೆನ್ನಾಗಿದೆ ಸಾರ್’ ಎಂದೇ ಹೇಳುವ ನಮ್ಮಲ್ಲಿ, ಬಾಯಿ ಹೇಳಿದ್ದಕ್ಕಿಂತ ಬೆರಳು ಮಾಡಿದ್ದೇ ಹೆಚ್ಚು ನಂಬಿಕೆಗೆ ಅರ್ಹ.

ಕಂಡ ದೋಷಗಳಲ್ಲಿ ಅರ್ಜಿಯನ್ನೇ ತಡೆಯುವಂಥವನ್ನು ಮೊದಲು ಸರಿಪಡಿಸಬೇಕು: ಹಣ ಕಡಿತವಾಗಿಯೂ ‘ಪಾವತಿ ಬಾಕಿ’ ಎಂದು ತೋರಿಸುವುದು, ಮೀಸಲಾತಿ ಪ್ರವರ್ಗವನ್ನು ತಪ್ಪಾಗಿ ಆಯ್ದರೆ ತಿದ್ದಲು ದಾರಿಯಿಲ್ಲದಿರುವುದು ಈ ಬಗೆಯವು. ಬಣ್ಣ, ಲಾಂಛನಗಳ ಚರ್ಚೆ ಆಮೇಲೆ. ವರದಿಯ ಜೊತೆಗೆ ಎರಡು ಮೂರು ನಿಮಿಷದ ಚಿತ್ರೀಕರಣದ ತುಣುಕುಗಳನ್ನು ಕುಲಸಚಿವರಿಗೂ ಜಾಲತಾಣ ಸಿದ್ಧಪಡಿಸಿದವರಿಗೂ ಒಟ್ಟಿಗೆ ತೋರಿಸಿದರೆ ಹೊಣೆ ಯಾರದೆಂಬ ಪತ್ರ ವ್ಯವಹಾರ ತಪ್ಪುತ್ತದೆ. ತಿದ್ದಿದ ಮೇಲೆ ಹೊಸ ಐವರನ್ನು ಕರೆದು ಮತ್ತೊಮ್ಮೆ ಪರೀಕ್ಷಿಸಬೇಕು. ಇದೆಲ್ಲ ಪ್ರಕಟಣೆ ಹೊರಡುವುದಕ್ಕೆ ಮೊದಲೇ ಮುಗಿಯಬೇಕು. ಅರ್ಜಿ ಸ್ವೀಕಾರ ಆರಂಭವಾದ ಮೇಲೆ ಖಾನೆಗಳನ್ನು ಬದಲಿಸಿದರೆ, ಅರ್ಧ ತುಂಬಿ ಉಳಿಸಿಟ್ಟವರ ಅರ್ಜಿಗಳು ಕೆಡುವ ಅಪಾಯವಿರುವುದರಿಂದ, ಆಗ ಸೂಚನೆಗಳ ವಾಕ್ಯಗಳನ್ನಷ್ಟೇ ತಿದ್ದಿ ಉಳಿದದ್ದನ್ನು ಮುಂದಿನ ವರ್ಷದ ಪಟ್ಟಿಗೆ ಸೇರಿಸಬೇಕು.