ಬ್ಯಾನರ್ ಇದ್ದರೂ ಮೊದಲೇ ಕೂರುತ್ತಿದ್ದ ಕುಕೀಗಳು: ನನ್ನ ಅನುಭವ

ಯುರೋಪಿನ ಓದುಗರಿರುವ ಜಾಲತಾಣವೊಂದು ಒಪ್ಪಿಗೆಗೂ ಮೊದಲೇ ಕುಕೀ (ತಾಣವು ಬ್ರೌಸರ್‌ನಲ್ಲಿ ಇಡುವ ಪುಟ್ಟ ಮಾಹಿತಿ ತುಣುಕು) ಕೂರಿಸುತ್ತಿದೆ ಎಂದು ದೂರು ಬಂದು, ಸರಿಪಡಿಸುವ ಕೆಲಸ ನನಗೆ ಬಂತು. ಪ್ರೈವೇಟ್ ವಿಂಡೋದಲ್ಲಿ ತೆರೆದು, ಯಾವ ಬಟನ್ನೂ ಒತ್ತದೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೋಡಿದರೆ, ಭೇಟಿಗಳ ಲೆಕ್ಕವಿಡುವ ಅನಲಿಟಿಕ್ಸ್ ಕುಕೀ ಆಗಲೇ ಬಂದು ಕೂತಿತ್ತು! ಒಪ್ಪಿಗೆ ಕೇಳುವ ಬ್ಯಾನರ್ ಬರೀ ತೋರಿಕೆಗೆ.

ಇಂಥ ಸ್ಕ್ರಿಪ್ಟ್‌ಗಳನ್ನು ನಿಭಾಯಿಸುವ ಟ್ಯಾಗ್ ಮ್ಯಾನೇಜರ್‌ನಲ್ಲಿ ಟ್ರಿಗರ್ (ಸ್ಕ್ರಿಪ್ಟ್ ಯಾವಾಗ ಓಡಬೇಕೆಂಬ ಷರತ್ತು) ಬದಲಿಸಿ, ಒಪ್ಪಿಗೆ ಸಿಕ್ಕ ಮೇಲಷ್ಟೇ ಸ್ಕ್ರಿಪ್ಟ್ ಓಡುವಂತೆ ಮಾಡಿದೆ. ಆದರೂ ಒಂದು ಕುಕೀ ಹೋಗಲಿಲ್ಲ. ಯಾರೋ ತಾಣದ ವಿನ್ಯಾಸದ, ಅಂದರೆ ಥೀಮ್‌ನ, ಹೆಡರ್ ಫೈಲಿಗೇ ಜಾಹೀರಾತು ಪಿಕ್ಸೆಲ್ (ಜಾಹೀರಾತಿಗಾಗಿ ಓದುಗರ ಜಾಡು ಹಿಡಿಯುವ ಪುಟ್ಟ ಕೋಡ್) ಅಂಟಿಸಿಟ್ಟಿದ್ದರು. ನಿಜವಾಗಿ ಸತಾಯಿಸಿದ್ದು ಅದೇ. ಅದನ್ನು ಕಿತ್ತುಹಾಕಿದೆ.

ಆಮೇಲೆ ‘ನಿರಾಕರಿಸಿ’ ಬಟನ್ನನ್ನು ‘ಒಪ್ಪಿಗೆ’ಯ ಪಕ್ಕಕ್ಕೇ, ಅದೇ ಗಾತ್ರದಲ್ಲಿ ತಂದೆ. ಇದು ಬರೀ ಅಂದಚಂದದ ಮಾತಲ್ಲ. ಒಪ್ಪಿದಷ್ಟೇ ಸುಲಭವಾಗಿ ನಿರಾಕರಿಸಲು ಬಿಡಲಿಲ್ಲವೆಂದು ಫ್ರಾನ್ಸಿನ ದತ್ತಾಂಶ ನಿಯಂತ್ರಕ ಸಂಸ್ಥೆ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ್ದನ್ನು 2022ರ ಜನವರಿಯಲ್ಲಿ ಪ್ರಕಟಿಸಿತ್ತು. ಈಗ ‘ನಿರಾಕರಿಸಿ’ ಒತ್ತಿದರೆ ಉಳಿಯುವುದು ಆ ಆಯ್ಕೆಯನ್ನು ನೆನಪಿಡುವ ಕುಕೀ ಒಂದೇ.